ವಫೀಕಾಳ ಹೆದರಿಕೆ

ಒಂದಾನೊಂದು ಕಾಲದಲ್ಲಿ, ಕಾಲ ಅಂದರೆ ತೀರ ಹಳೆಯದೇನಲ್ಲ, ಬಿದ್ದ ಮನೆಗಳ ಧೂಳು ಇನ್ನೂ ಜನರ ಚಪ್ಪಲಿಯಲ್ಲೇ ಇದ್ದ ಕಾಲದಲ್ಲಿ, ಕಡಲ ದಡದ ಬೈರೂತ್ ಪಟ್ಟಣದಲ್ಲಿ ರಬಾಬ್ ಎಂಬ ಹೆಂಗಸಿದ್ದಳು. ಅವಳಿಗೆ ರಾಜ್ಯವಿರಲಿಲ್ಲ, ರೆಕ್ಕೆಯ ಕುದುರೆಯಿರಲಿಲ್ಲ, ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಬಚ್ಚಿಟ್ಟ ಪ್ರಾಣವೂ ಇರಲಿಲ್ಲ. ಇದ್ದದ್ದು ಅಭಿಪ್ರಾಯ. ವಾರಕ್ಕೊಮ್ಮೆ ಪತ್ರಿಕೆಯ ಒಳಪುಟದ ಎಡಮೂಲೆಯಲ್ಲಿ, 'ಕಿಟಕಿ' ಎಂಬ ತಲೆಬರಹದ ಕೆಳಗೆ, ಅವಳು ತನ್ನ ಅಭಿಪ್ರಾಯವನ್ನು ನಾಡಿಗೆ ಹೇಳುತ್ತಿದ್ದಳು.

ಆ ನಾಡಿನಲ್ಲಿ ಪೆಟ್ರೋಲಿಗೆ ಬರ ಬಂದಿತ್ತು, ಔಷಧಿಗೆ ಬಂದಿತ್ತು, ಕರೆಂಟಿಗಂತೂ ಬಂದು ಅಲ್ಲೇ ಸಂಸಾರ ಹೂಡಿತ್ತು. ಅಭಿಪ್ರಾಯಕ್ಕೆ ಮಾತ್ರ ಎಂದೂ ಬರ ಬಂದದ್ದಿಲ್ಲ. ಕ್ಷೌರದಂಗಡಿಗೊಂದು ಕಡೆ, ಕಾಫಿಯಂಗಡಿಗೊಂದು ಕಡೆ, ಪತ್ರಿಕೆಗೊಂದು ಕಡೆ. ಕಂಕುಳಲ್ಲಿ ಯಾವ ಪತ್ರಿಕೆಯಿದೆ ಎಂದು ನೋಡಿದರೆ ಸಾಕು, ಆ ಮನುಷ್ಯ ಯಾವ ಊರಿನವನು, ಯಾರಿಗೆ ಸಲಾಂ ಹೇಳುತ್ತಾನೆ, ಯಾರನ್ನು ಕಂಡರೆ ರಸ್ತೆ ದಾಟುತ್ತಾನೆ ಎಂಬುದೆಲ್ಲ ತಿಳಿಯುತ್ತಿತ್ತು. ಯುದ್ಧ ಬಂದಾಗ ಈ ಕಡೆಗಳು ಎರಡೇ ಆದವು. ನೆಲ ಬಿಟ್ಟು ಕದಲಬಾರದು ಎನ್ನುವವರು ಒಂದು ಕಡೆ. ಈ ಯುದ್ಧ ನಮ್ಮದಲ್ಲ, ಇದಕ್ಕೆ ನಮ್ಮನ್ನು ಎಳೆದವರು ಯಾರು ಎನ್ನುವವರು ಇನ್ನೊಂದು ಕಡೆ. ರಬಾಬಳ ಪತ್ರಿಕೆ ಮೊದಲನೆಯ ಕಡೆಯದು. ಅವಳು ಹುಟ್ಟಿದ್ದು ದಕ್ಷಿಣದ ಗಡಿಯ ಹಳ್ಳಿಯಲ್ಲಿ. ಅವಳ ಸೋದರತ್ತೆಯರಿಬ್ಬರು ಅಲ್ಲೇ ತಂಬಾಕು ಬೆಳೆಯುತ್ತಿದ್ದರು. ಹೀಗಾಗಿ ಆ ಕಡೆ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು.

ಬಾಂಬು ಬೀಳತೊಡಗಿದಾಗ ದೊಡ್ಡತ್ತೆ ಮಹದಿಯಾ ಮಗ ಜವಾದನ ಜೊತೆ ಊರು ಬಿಟ್ಟು ಉತ್ತರದ ಒಂದು ಶಾಲೆಯಲ್ಲಿ ಹಾಸಿಗೆ ಹಾಸಿದಳು. ಮದುವೆಯಾಗದ ಚಿಕ್ಕತ್ತೆ ವಫೀಕಾ ಉಳಿದುಕೊಂಡಳು. ರಬಾಬ್ ಫೋನು ಮಾಡಿದಳು.

"ಬರಲ್ಲ ಕಣೇ," ಎಂದಿದ್ದಳು ವಫೀಕಾ. "ನಾನು ಹೋದ್ರೆ ಈ ತಂಬಾಕಿನ ಮೂಟೆಗಳ ಜೊತೆ ಯಾರು ಮಾತಾಡ್ತಾರೆ? ಬಾಗಿಲಿಗೆ ಬೀಗ ಹಾಕೋದು ಹೇಗೆ ಅಂತಾನೇ ಗೊತ್ತಿಲ್ಲ ನನಗೆ. ಈ ಮನೇಲಿ ಬೀಗ ಇದ್ದಿದ್ದು ಯಾವಾಗ?"

ಇಬ್ಬರೂ ನಕ್ಕಿದ್ದರು. ಆಮೇಲೆ ವಫೀಕಾಳ ದನಿ ಸಣ್ಣಗಾಗಿತ್ತು. "ರಬಾಬ್, ಯಾರಿಗೂ ಹೇಳ್ಬೇಡ. ನನಗೆ ಹೆದರಿಕೆ ಆಗ್ತದೆ. ಸದ್ದು ಬಂದಾಗ ಮೇಜಿನ ಕೆಳಗೆ ಕೂತ್ಕೋತೀನಿ, ಈ ವಯಸ್ಸಲ್ಲಿ, ಬೆಕ್ಕಿನ ಹಾಗೆ. ಜವಾದನಿಗೆ ಕಾರು ತರೋಕೆ ಹೇಳಿದೀನಿ. ಚೀಲ ಕಟ್ಟಿಟ್ಟಿದೀನಿ."

ಅಂದು ಸಂಜೆ ರಬಾಬ್ ಬರೆಯಲು ಕೂತಳು. ತಂಬಾಕಿನ ಮೂಟೆ ಬಂತು, ಬೀಗವಿಲ್ಲದ ಬಾಗಿಲು ಬಂತು, 'ಬೀಗ ಹಾಕುವುದು ನನಗೆ ಗೊತ್ತಿಲ್ಲ' ಎಂಬ ಮಾತು ಕೊನೆಯ ಸಾಲಾಗಿ ತಾನೇ ಬಂದು ಕೂತುಕೊಂಡಿತು. ಯಾರಿಗೂ ಹೇಳಬೇಡ ಎಂದಿದ್ದಾಳಲ್ಲ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಿಜವೆಂದರೆ, ಮೇಜಿನ ಕೆಳಗೆ ಕೂತ ಅತ್ತೆ ಆ ಬರಹದಲ್ಲಿ ಎಲ್ಲಿ ಕೂರಿಸಿದರೂ ಹೊಂದುತ್ತಿರಲಿಲ್ಲ.

ಅಂಕಣ ಬೆಳಗಾಗುವುದರೊಳಗೆ ಫೋನಿಂದ ಫೋನಿಗೆ ಹಾರಿತು. ರೇಡಿಯೋದಲ್ಲಿ ಓದಿದರು. ಶಾಲೆಗಳಲ್ಲಿ ನೆಲದ ಮೇಲೆ ಮಲಗಿದ್ದ ಜನ ಕೇಳಿ ಅತ್ತರು. ವಫೀಕಾಳಿಗೂ ಯಾರೋ ಓದಿ ಹೇಳಿದರು. ಮರುದಿನ ಜವಾದ್ ಕಾರು ತೆಗೆದುಕೊಂಡು ಹೋದರೆ, ಅವಳು ಅವನನ್ನು ಖಾಲಿ ಕಾರಿನಲ್ಲಿ ವಾಪಸು ಕಳಿಸಿದಳು. ಆ ವಾರವೇ ಮನೆಯ ಮುಂಭಾಗ ಅವಳ ಮೇಲೆ ಬಿತ್ತು.

*

ಕದನ ನಿಂತು, ಮಳೆಗಾಲ ಕಳೆದು, ಬಾದಾಮಿ ಗಿಡಗಳು ಹೂ ಬಿಡುವವರೆಗೂ ರಬಾಬ್ ಊರಿಗೆ ಹೋಗಲಿಲ್ಲ. ಒಂದೊಂದು ವಾರಕ್ಕೆ ಒಂದೊಂದು ನೆಪವಿತ್ತು. ಕೊನೆಗೆ ನೆಪಗಳೇ ಮುಗಿದುಹೋದವು.

ಊರ ಬಾಗಿಲಲ್ಲಿ ಎರಡು ಕಂಬಗಳ ನಡುವೆ ಬ್ಯಾನರು ಕಟ್ಟಿದ್ದರು. ಬಿಳಿ ತಲೆವಸ್ತ್ರದ ವಫೀಕಾ, ಯಾರದೋ ಮದುವೆಯಲ್ಲಿ ತೆಗೆದ ಚಿತ್ರ, ನಗು ಅರ್ಧ ಶುರುವಾಗಿದೆ. ಕೆಳಗೆ ಕೆಂಪು ಅಕ್ಷರದಲ್ಲಿ ರಬಾಬಳದೇ ಸಾಲು: ಬೀಗ ಹಾಕುವುದು ನನಗೆ ಗೊತ್ತಿಲ್ಲ. ರಬಾಬ್ ತಲೆ ತಗ್ಗಿಸಿ ಅದರ ಕೆಳಗೆ ದಾಟಿದಳು.

ಮನೆಯಲ್ಲಿ ಉಳಿದದ್ದು ಅಡುಗೆಕೋಣೆ ಮಾತ್ರ. ಒಂದು ಗೋಡೆಯ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ಹೊದಿಸಿ ಮಹದಿಯಾ ಅದರೊಳಗೆ ವಾಪಸು ಬಂದು ಕೂತಿದ್ದಳು.

"ಬಂದ್ಯಾ ಮಗಳೇ," ಎಂದಳು. "ದಾರಿ ಗೊತ್ತಾಯ್ತಾ? ಗುರುತಿಗೆ ಒಂದು ಮರಾನೂ ಬಿಟ್ಟಿಲ್ಲ."

"ಗೊತ್ತಾಯ್ತು ಅತ್ತೆ."

"ಗೊತ್ತಾಗದೆ ಏನು. ನನ್ನ ತಂಗೀನ ಊರ ಬಾಗಿಲಲ್ಲೇ ನಿಲ್ಲಿಸಿದಾರಲ್ಲ, ದಾರಿ ತೋರಿಸೋಕೆ."

ಮಹದಿಯಾ ಒಲೆಯ ಮೇಲಿದ್ದ ಹಿತ್ತಾಳೆಯ ಕಾಫಿಪಾತ್ರೆಯನ್ನು ಎತ್ತಿದಳು. ಅದು ರಬಾಬಳ ಅಜ್ಜಿಯದು. ಅಜ್ಜಿ ಈ ಊರಿನವಳಲ್ಲ. ಬೆಕಾ ಬಯಲಿನ ಬುಡಕಟ್ಟಿನ ಮನೆಯಿಂದ ಮದುವೆಯಾಗಿ ಬಂದವಳು. ಬರುವಾಗ ಆ ಪಾತ್ರೆ ತಂದಳು, ಮುಗಿಯದಷ್ಟು ಕತೆ ತಂದಳು, ಕಾಫಿಯ ಕಟ್ಟುಪಾಡುಗಳನ್ನೂ ತಂದಳು. ದುಃಖದ ಮನೆಯ ಕಾಫಿಗೆ ಸಕ್ಕರೆಯಿಲ್ಲ. ಬಲಗೈಯಲ್ಲಿ ಕೊಡಬೇಕು, ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಸಾಕೆಂದರೆ ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸಬೇಕು. ಅಲ್ಲಾಡಿಸದಿದ್ದರೆ ಮತ್ತೆ ಸುರಿಯುತ್ತಾರೆ.

ರಬಾಬ್ ಬಟ್ಟಲು ತೆಗೆದುಕೊಂಡಳು. ಬಟ್ಟಲಿನಾಚೆ ಪ್ಲಾಸ್ಟಿಕ್ ಗೋಡೆಯ ಬುಡದಲ್ಲಿ ಆ ಮೇಜು ಕಾಣಿಸಿತು. ಒಂದು ಕಾಲು ಮುರಿದಿದ್ದರೂ ನಿಂತಿತ್ತು. ಅದರ ಕೆಳಗೆ ಒಬ್ಬ ಹೆಂಗಸು ಕೂರುವಷ್ಟು ಜಾಗವಿತ್ತು. ಕಾಫಿ ಇಳಿಯುವುದಿಲ್ಲ ಎನಿಸಿ ಬಟ್ಟಲನ್ನು ಹಾಗೇ ನೆಲಕ್ಕಿಟ್ಟಳು.

ಮಹದಿಯಾ ಬಟ್ಟಲನ್ನು ನೋಡಿದಳು, ರಬಾಬಳನ್ನು ನೋಡಿದಳು, ತಲೆವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಕೇಳು," ಎಂದಳು.

"ಏನು ಕೇಳಲಿ ಅತ್ತೆ?"

"ಬಟ್ಟಲು ಕೆಳಗಿಟ್ಟಿದೀಯ. ನಮ್ಮಮ್ಮನ ಕಾಲದಿಂದ ಈ ಮನೇಲಿ ಸುಮ್ಮನೆ ಬಟ್ಟಲು ಕೆಳಗಿಟ್ಟೋರಿಲ್ಲ. ಹೆಣ್ಣು ಕೇಳೋಕೆ ಬಂದೋರು ಇಟ್ಟಿದಾರೆ, ಕೊಲೆಗೆ ರಾಜಿ ಕೇಳೋಕೆ ಬಂದೋರು ಇಟ್ಟಿದಾರೆ. ಕೇಳಿದ್ದು ಸಿಗೋವರೆಗೂ ಕುಡಿಯಲ್ಲ ಅಂತ ತಾನೇ ಅರ್ಥ? ನೀನು ಏನು ಕೇಳೋಕೆ ಬಂದೆ?"

ಪಟ್ಟಣದಲ್ಲಿ ಕಾಗದದ ಲೋಟದಲ್ಲಿ ಕಾಫಿ ಕುಡಿದು ಬೆಳೆದ ರಬಾಬ್ ಅದನ್ನು ಮರೆತೇಬಿಟ್ಟಿದ್ದಳು. ಕೈ ತಪ್ಪಿ ಇಟ್ಟೆ ಎಂದು ಹೇಳಬಹುದಿತ್ತು. ಬಾಯಿ ತೆರೆದಾಗ ಬೇರೆಯೇ ಬಂತು.

"ನನ್ನನ್ನ ಕ್ಷಮಿಸು ಅತ್ತೆ."

"ಯಾತಕ್ಕೆ?"

"ನಾನು ಬರೆದದ್ದಕ್ಕೆ."

ಫೋನಿನಲ್ಲಿ ಕೇಳಿಸಿಕೊಂಡ ಮಾತನ್ನು ಅವಳು ಹೇಳಲಿಲ್ಲ. ಅದು ಗಂಟಲಿನವರೆಗೆ ಬಂದು ಅಲ್ಲೇ ನಿಂತಿತು.

ಮಹದಿಯಾ ಒಲೆಯ ಕೆಂಡ ಕೆದಕಿದಳು. "ಜವಾದ್ ಕಾರು ತಗೊಂಡು ಹೋದಾಗ ಚೀಲ ಬಾಗಿಲ ಹತ್ರ ಇತ್ತಂತೆ. ಎರಡು ಲಂಗ, ಔಷಧಿ, ಅಮ್ಮನ ಉಂಗುರ. ಇವಳು ಹತ್ತಲೇ ಇಲ್ಲ. ಏನಂದಳು ಗೊತ್ತಾ? 'ಪೇಪರಲ್ಲಿ ಬಂದುಬಿಟ್ಟಿದೆಯಲ್ಲೋ ನಾನು ಹೋಗಲ್ಲ ಅಂತ. ಈಗ ಹೋದ್ರೆ ನಮ್ಮ ರಬಾಬಳ ಮಾತು ಸುಳ್ಳಾಗಲ್ವಾ? ಹುಡುಗಿ ಮರ್ಯಾದೆ ಏನಾಗ್ಬೇಕು?' ಅಂದಳಂತೆ."

ರಬಾಬ್ ನೆಲ ನೋಡಿದಳು. ಈ ಮಾತು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

"ಅದು ಹೋಗಲಿ, ಅದು ನನ್ನ ನಿನ್ನ ನಡುವಿಂದು," ಎಂದಳು ಮಹದಿಯಾ. "ಈಗಿಂದು ಕೇಳು. ಮೊನ್ನೆ ನೀರಿನ ಟ್ಯಾಂಕರ್ ಹತ್ರ ಸಾಲಲ್ಲಿ ಜಗಳ ಆಯ್ತು. ಒಬ್ಬ ಹೇಳ್ದ, 'ನೀವೆಲ್ಲ ಓಡಿಹೋದೋರು ಹಿಂದೆ ನಿಲ್ಲಿ, ವಫೀಕಾ ಓಡಲಿಲ್ಲ' ಅಂತ. ಯಾರಿಗೆ ಹೇಳಿದ್ದು ಅಂದ್ಕೊಂಡೆ? ಬಸುರಿ ಹೊಟ್ಟೆ ಹೊತ್ಕೊಂಡು ಹೊಳೆ ದಾಟಿಹೋದ ಹುಡುಗಿಗೆ. ನನಗೂ ಅಂತಾರೆ. ತಂಗಿ ನಿಂತಳು, ಅಕ್ಕ ಓಡಿದಳು ಅಂತ. ನನ್ನ ತಂಗಿ ಬದುಕಿದ್ದಾಗ ಯಾರಿಗೂ ಒಂದು ಗಟ್ಟಿ ಮಾತು ಅಂದೋಳಲ್ಲ. ಸತ್ತ ಮೇಲೆ ದಿನಾ ಊರಿಗೆ ಊರನ್ನೇ ಬೈತಾ ಇದಾಳೆ."

ಅವಳು ರಬಾಬಳ ಬಟ್ಟಲನ್ನು ಎತ್ತಿ ಕಾಫಿಯನ್ನು ಹೊರಗಿನ ಮಣ್ಣಿಗೆ ಚೆಲ್ಲಿದಳು. ಬಟ್ಟಲನ್ನು ಗೂಡಿನಲ್ಲಿ ಬೋರಲು ಹಾಕಿದಳು.

"ಅವಳಿಗೆ ಹೆದರಿಕೆ ಆಗಿತ್ತು ಅಂತ ಬರಿ. ಹೊರಟು ನಿಂತಿದ್ದಳು ಅಂತ ಬರಿ. ಆ ಮಾತು ಎಲ್ಲಿ ಹಾಕಿದ್ಯೋ ಅಲ್ಲೇ, ಅದೇ ಪೇಪರು, ಅದೇ ಮೂಲೆ. ಆಮೇಲೆ ಬಾ. ಕಾಫಿ ಕೊಡ್ತೀನಿ."

"ಮಾತು ಕೊಟ್ಟೆ ಅತ್ತೆ," ಎಂದಳು ರಬಾಬ್.

*

ಮಾತು ಕೊಡುವುದು ಎಷ್ಟು ಹೊತ್ತಿನ ಕೆಲಸ. ಅಜ್ಜಿಯ ಕತೆಗಳಲ್ಲಿ ರಾಜಕುಮಾರರು ಊಟಕ್ಕೆ ಕೂತಲ್ಲೇ ಕೊಟ್ಟುಬಿಡುತ್ತಿದ್ದರು, ಆಮೇಲೆ ಕಬ್ಬಿಣದ ಚಪ್ಪಲಿ ಸವೆಯುವವರೆಗೆ ನಡೆಯುತ್ತಿದ್ದರು. ರಬಾಬ್ ಆ ವಾರವೇ ಬರೆದಳು. ಬರೆಯುತ್ತ ಅತ್ತಳು. ತನ್ನ ಲೇಖನಿ, ತನ್ನ ನಿದ್ದೆಯಿಲ್ಲದ ಕಣ್ಣು, ಬ್ಯಾನರಿನ ಕೆಳಗೆ ದಾಟಿದಾಗ ತನ್ನ ಕಾಲು ನಡುಗಿದ್ದು, ಎಲ್ಲ ಬಂತು. ಫೋನಿನ ಮಾತೊಂದು ಮಾತ್ರ ಬರಲಿಲ್ಲ. ಮುಗಿಸಿ ಮಹದಿಯಾಳಿಗೆ ಫೋನಿನಲ್ಲಿ ಓದಿ ಹೇಳಿದಳು.

"ಮುಗೀತಾ?" ಎಂದಳು ಮಹದಿಯಾ.

"ಮುಗೀತು."

"ಚೆನ್ನಾಗಿ ಅಳ್ತೀಯ ಮಗಳೇ. ಇದರಲ್ಲಿ ನನ್ನ ತಂಗಿ ಎಲ್ಲಿ?"

"ಇದಾಳಲ್ಲ ಅತ್ತೆ, ಪೂರ್ತಿ ಅವಳದೇ."

"ಇಲ್ಲ. ಮೊದಲು ನೀನು ಬಂದೆ, ನಡುವೆ ನೀನು, ಕೊನೆಗೂ ನೀನೇ. ಅವಳು ನಿನ್ನ ಹಿಂದೆ ನೀರು ಹಿಡ್ಕೊಂಡು ನಿಂತಿದಾಳೆ, ನೀನು ಮುಖ ತೊಳ್ಕೊಳ್ಳೋಕೆ. ಇನ್ನೊಂದು ಸಲ ಬರಿ."

ಫೋನು ಇಟ್ಟ ಮೇಲೆ ರಬಾಬ್ ಆ ಬರಹವನ್ನು ಮತ್ತೊಮ್ಮೆ ಓದಿದಳು. ಅತ್ತೆಗೆ ಓದು ಬಾರದು. ಕೇಳಿದ್ದು ಒಂದೇ ಸಲ. ರಬಾಬಳಿಗೆ ಕಿವಿಯವರೆಗೂ ಬಿಸಿಯಾಯಿತು. ಎಲ್ಲ ಅಳಿಸಿ, ಚೀಲದಿಂದ ಶುರುಮಾಡಿದಳು. ಎರಡು ಲಂಗ, ಔಷಧಿ, ಅಮ್ಮನ ಉಂಗುರ. ಅವಳಿಗೆ ಹೆದರಿಕೆಯಾಗಿತ್ತು. ಅವಳು ಹೋಗಬೇಕೆಂದಿದ್ದಳು. ಈ ಸಲ ಮಹದಿಯಾ ಕೇಳಿ, "ಹೂಂ, ಈಗ ಬಂದಳು," ಎಂದಳು.

ಸಂಪಾದಕ ಉಸ್ತಾದ್ ಮುನೀಫ್ ಅದನ್ನು ನಿಂತೇ ಓದಿದ. ದಪ್ಪ ಮೀಸೆಯ, ಮೆಲ್ಲಗೆ ಮಾತಾಡುವ ಮನುಷ್ಯ. ಓದಿದ ಮೇಲೆ ಕೂತ.

"ರಬಾಬ್, ಇದನ್ನ ಹಾಕೋಕಾಗಲ್ಲ."

"ಸುಳ್ಳಾ?"

"ಸುಳ್ಳು ಅಂತ ಯಾರಂದ್ರು? ಹೊತ್ತಲ್ಲ ಅಂತಿದೀನಿ. ನಾಳೆ ಬೆಳಿಗ್ಗೆ ಆ ಕಡೆ ಪೇಪರಿನೋರು ಇದನ್ನ ಎತ್ಕೊಂಡು ಕುಣೀತಾರೆ. ನೋಡಿ, ನಾವು ಹೇಳಿರಲಿಲ್ವಾ, ಮುದುಕೀರನ್ನ ಕಟ್ಟಿಹಾಕಿ ಸಾಯಿಸಿದರು ಅಂತ. ನಿಮ್ಮತ್ತೆ ಹೆಣದ ಮೇಲೆ ಅವರು ಚುನಾವಣೆ ಮಾಡ್ತಾರೆ."

"ಈಗ ನಾವು ಮಾಡ್ತಿಲ್ವಾ ಉಸ್ತಾದ್?"

ಮುನೀಫ್ ಕಾಗದದ ಲೋಟವನ್ನು ಅವಳ ಕಡೆ ಸರಿಸಿದ. "ಕಾಫಿ ಕುಡಿ. 'ಹೆದರಿಕೆ' ಅನ್ನೋ ಮಾತು ತೆಗಿ, 'ದಣಿದಿದ್ದಳು' ಅಂತ ಹಾಕು. ಚೀಲ ಇರಲಿ, ಆದ್ರೆ ಕೊನೇಲಿ ಚೀಲ ಬಿಚ್ಚಿದಳು ಅಂತ ಬರಿ. ಈ ವಾರವೇ ಹಾಕ್ತೀನಿ."

ರಬಾಬ್ ಕಾಫಿ ಕುಡಿಯದೆ ಎದ್ದಳು. ಆಫೀಸಿನ ಕಾಗದದ ಲೋಟ ಯಾವ ಬುಡಕಟ್ಟಿನ ಕಟ್ಟುಪಾಡಿಗೂ ಸೇರಿದ್ದಲ್ಲ; ಮುನೀಫ್ ಅದನ್ನು ತಾನೇ ಕುಡಿದು ಮುಗಿಸಿದ. ಆ ವಾರ ಎಡಮೂಲೆಯಲ್ಲಿ ಒಂದು ಗಡಿಯಾರದ ಜಾಹೀರಾತು ಬಂತು. ಮುಂದಿನ ವಾರವೂ ಅದೇ ಬಂತು.

ಇಂಥ ಸುದ್ದಿ ನಿಲ್ಲುತ್ತದೆಯೇ. ಎದುರು ಕಡೆಯ ಪತ್ರಿಕೆಯ ರಮ್ಝಿ ಎಂಬವನು ಫೋನು ಮಾಡಿದ. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಮೇಡಂ, ನಿಮ್ಮ ಬರಹ ಅವರು ತಡೆದಿದಾರಂತೆ. ನಾವು ಮೊದಲ ಪುಟಕ್ಕೆ ಹಾಕ್ತೀವಿ. ಒಂದಕ್ಷರ ಮುಟ್ಟಲ್ಲ."

"ತಲೆಬರಹ?"

"ಅದು ನಮ್ಮದು. 'ಅವಳಿಗೆ ಹೋಗಬೇಕಿತ್ತು, ಅವರು ಬಿಡಲಿಲ್ಲ' ಅಂತ ಏನೋ ಒಂದು."

"ಅವರು ಅಂದ್ರೆ ಯಾರು? ಅವಳನ್ನ ಯಾರೂ ತಡೀಲಿಲ್ಲ."

"ಓದೋರಿಗೆ ಅರ್ಥ ಆಗುತ್ತೆ ಮೇಡಂ. ಹಾಂ, ಆ ತಂಬಾಕು, ಬೀಗ, ನಗು, ಅದೆಲ್ಲ ಈ ಸಲ ಬೇಡ. ಬಲಿ ಅಂದ್ಮೇಲೆ ಬಲಿಯ ಹಾಗೆ ಇರಲಿ."

ರಬಾಬ್ ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟಳು. ಕಿಟಕಿಯಾಚೆ ಪಕ್ಕದ ಕಟ್ಟಡದ ಜನರೇಟರು ಗುಡುಗುಡು ಎನ್ನುತ್ತಿತ್ತು. ಅವರಿಗೂ ಬೇಕಾದದ್ದು ವಫೀಕಾಳ ಅರ್ಧವೇ. ಇವರು ಒಂದು ಅರ್ಧ ಇಟ್ಟುಕೊಂಡರು, ಅವರು ಇನ್ನೊಂದನ್ನು ಕೇಳುತ್ತಿದ್ದಾರೆ. ಒಂದೇ ಉಸಿರಿನಲ್ಲಿ ನಕ್ಕು, ಅದೇ ಉಸಿರಿನಲ್ಲಿ ಹೆದರಿದ ಆ ಹೆಂಗಸನ್ನು ಇಡಿಯಾಗಿ ಕೇಳಿಸಿಕೊಂಡವಳು ಲೋಕದಲ್ಲಿ ಒಬ್ಬಳೇ ಇದ್ದಳು. ಮೊದಲು ಅವಳನ್ನು ಎರಡಾಗಿ ಕತ್ತರಿಸಿದವಳೂ ಆಕೆಯೇ.

ಅವಳು ಬರಹವನ್ನು ತೆಗೆದು ಮೂರನೆಯ ಸಲ ಬರೆದಳು. ತಂಬಾಕಿನ ಮೂಟೆಯ ನಗೆಮಾತು ವಾಪಸು ಬಂತು. ಅದರ ಪಕ್ಕದಲ್ಲೇ, ಅದೇ ಫೋನಿನಲ್ಲಿ, ಮೇಜಿನ ಕೆಳಗಿನ ಬೆಕ್ಕಿನ ಮಾತು. ಆಮೇಲೆ ಒಂದು ಚಿಕ್ಕ ಸಾಲು: ಇದನ್ನೆಲ್ಲ ಅವಳು ಹೇಳಿದ್ದು ಈ ಅಂಕಣ ಬರೆಯುವವಳಿಗೆ, ಇವಳು ಕೇಳಿಸಿಕೊಂಡು ಅರ್ಧ ಮಾತ್ರ ಬರೆದಳು. ಅಷ್ಟೇ. ಅಳಲಿಲ್ಲ. ಇದನ್ನು ಮಹದಿಯಾಳಿಗೆ ಫೋನಿನಲ್ಲಿ ಓದಿ ಹೇಳುವ ಧೈರ್ಯ ಬರಲಿಲ್ಲ. ರಮ್ಝಿಗೆ ಫೋನೂ ಮಾಡಲಿಲ್ಲ.

*

ಉಸ್ತಾದ್ ಮುನೀಫ್ ಬೆಕಾ ಬಯಲಿನವನು. ಶುಕ್ರವಾರ ತಾಯಿಯ ಮನೆಗೆ ಹೋಗುತ್ತಾನೆ ಎಂಬುದು ಆಫೀಸಿಗೆಲ್ಲ ಗೊತ್ತು. ಶನಿವಾರ ಬರುವಾಗ ಅವನ ಕಾರಿನ ತುಂಬ ಮೊಸರು, ಒಣಗಿದ ಪುದೀನ ಇರುತ್ತಿದ್ದವು. ಆ ಶುಕ್ರವಾರ ರಬಾಬ್ ಬಾಡಿಗೆ ವ್ಯಾನು ಹತ್ತಿ, ಮಂಜು ಕರಗುತ್ತಿದ್ದ ಕಣಿವೆ ದಾಟಿ, ಆ ಮನೆಯ ಬಾಗಿಲಿಗೆ ಹೋಗಿ ನಿಂತಳು.

ಮುನೀಫನ ತಾಯಿ, ಹಜ್ ಯಾತ್ರೆ ಮಾಡಿಬಂದ ಹಜ್ಜಾ ಶಮ್ಸಾ, ಬಾಗಿಲು ತೆಗೆದಳು. ಗದ್ದದ ಮೇಲೆ ಹಸಿರು ಹಚ್ಚೆ, ಕೈಯಲ್ಲಿ ಹಿಟ್ಟು.

"ಯಾರ ಮಗಳು?" ಎಂದಳು. ಹೆಸರು ಕೇಳಲಿಲ್ಲ.

ರಬಾಬ್ ಅಜ್ಜಿಯ ತವರಿನ ಹೆಸರು ಹೇಳಿದಳು. ಮುದುಕಿಯ ಮುಖ ಅರಳಿತು. "ಅಯ್ಯೋ, ಒಳಗೆ ಬಾ. ನೀನು ಪರಕೀಯಳಲ್ಲ, ನಮ್ಮ ಹೊಲದಾಚೆಯೋಳು."

ಒಳಗೆ ಚಾಪೆಯ ಮೇಲೆ ದಿಂಬಿಗೊರಗಿ ಕೂತಿದ್ದ ಮುನೀಫ್ ಕಾಲು ಮಡಿಸಿಕೊಂಡ. ಕಣ್ಣಲ್ಲಿ ಅನುಮಾನವಿತ್ತು. "ಏನು ರಬಾಬ್, ಇಷ್ಟು ದೂರ?"

"ನಿಮ್ಮ ಮನೆ ಕಾಫಿ ಚೆನ್ನಾಗಿರುತ್ತೆ ಅಂತ ಕೇಳಿದ್ದೆ ಉಸ್ತಾದ್."

ಊಟವಾಯಿತು. ಆಮೇಲೆ ಮನೆಯ ಯಜಮಾನನಾಗಿ ಮುನೀಫನೇ ಪಾತ್ರೆ ಹಿಡಿದು ಬಂದ. ಬಲಗೈಯಲ್ಲಿ ಬಟ್ಟಲು ಕೊಟ್ಟ. ರಬಾಬ್ ಬಲಗೈಯಲ್ಲಿ ತೆಗೆದುಕೊಂಡಳು. ಈ ಸಲ ಕೈ ತಪ್ಪಲಿಲ್ಲ. ಚಾಪೆಯ ಮೇಲೆ ತನ್ನ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

ಮುನೀಫ್ ಪಾತ್ರೆ ಹಿಡಿದವನು ಹಾಗೇ ನಿಂತ. "ಇಲ್ಲ," ಎಂದ. "ಇದು ಅನ್ಯಾಯ. ಇದು ಪತ್ರಿಕೆ ವಿಷಯ, ಇದನ್ನ ಇಲ್ಲಿ ತರಬಾರದು."

"ನಾನು ಇನ್ನೂ ಏನೂ ಕೇಳೇ ಇಲ್ಲವಲ್ಲ."

"ಕುಡಿ ರಬಾಬ್. ನಾಳೆ ಆಫೀಸಲ್ಲಿ ಮಾತಾಡೋಣ."

"ಆಫೀಸಲ್ಲಿ ಬಟ್ಟಲಿಲ್ಲ ಉಸ್ತಾದ್."

ಹಜ್ಜಾ ಶಮ್ಸಾ ಮೂಲೆಯಿಂದ ಎದ್ದು ಬಂದಳು. "ಮುನೀಫ್, ಹುಡುಗಿ ಕಾಫಿ ಆರ್ತಾ ಇದೆ. ನಿಮ್ಮಪ್ಪ ಇದ್ದಾಗ ಈ ಚಾಪೆ ಮೇಲೆ ಯಾರ ಕಾಫಿಯೂ ಆರಿದ್ದಿಲ್ಲ. ಏನಂತೆ ಅವಳ ಕೆಲಸ?"

"ಅಮ್ಮಾ, ನಿನಗೆ ಇದು ಅರ್ಥ ಆಗಲ್ಲ. ರಾಜಕೀಯ."

"ನನಗೆ ಅರ್ಥ ಆಗದೇ ಇರೋ ರಾಜಕೀಯಾನ ನಾಡಿಗೆಲ್ಲ ಹೇಗೆ ಅರ್ಥ ಮಾಡಿಸ್ತೀಯೋ? ನೀನು ಹೇಳು ಮಗಳೇ."

ರಬಾಬ್ ಚೀಲದಿಂದ ಹಾಳೆ ತೆಗೆದು ಓದಿದಳು. ಬೆಕ್ಕಿನ ಮಾತು ಬಂದಾಗ ಮುದುಕಿ ಸಣ್ಣಗೆ ನಕ್ಕಳು. ಚಿಕ್ಕ ಸಾಲು ಬಂದಾಗ ಮುನೀಫ್ ತಲೆಯೆತ್ತಿ ರಬಾಬಳನ್ನು ನೋಡಿದ. ಅದು ಅವನು ಓದಿದ್ದ ಬರಹದಲ್ಲಿ ಇರಲಿಲ್ಲ.

"ಇದು ಸುಳ್ಳೇನೋ?" ಎಂದಳು ಹಜ್ಜಾ.

"ಅಲ್ಲಮ್ಮ."

"ಮತ್ತೆ?"

"ಆ ಕಡೆಯೋರು ನಗ್ತಾರೆ. ಈ ಕಡೆಯೋರು ಬೈತಾರೆ. ಇಬ್ಬರ ಕೈಗೂ ನನ್ನ ತಲೆ ಸಿಗುತ್ತೆ."

"ಅಂದ್ರೆ ಹೆದರಿಕೆ ಅನ್ನು."

ಮುನೀಫ್ ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

"ನಾನೂ ಚಿಕ್ಕವಳಾಗಿದ್ದಾಗ ವಿಮಾನ ಬಂದ್ರೆ ಒಲೆಗೂಡಿನೊಳಗೆ ತಲೆ ಹಾಕ್ತಿದ್ದೆ," ಎಂದಳು ಹಜ್ಜಾ ಶಮ್ಸಾ. "ನಿಮ್ಮಪ್ಪ ಸಾಯೋವರೆಗೂ ಅದನ್ನ ಹೇಳಿ ನಗ್ತಿದ್ದ. ಆ ಹೆಂಗಸಿನ ಹೆದರಿಕೆ ಬರೆದ್ರೆ ಯಾರ ಗಂಟೇನು ಹೋಗುತ್ತೆ? ನೀನೂ ಹೆದರಿದೀಯ, ಅವಳೂ ಹೆದರಿದ್ದಳು. ಅವಳದು ಪೇಪರಲ್ಲಿ ಬರಲಿ, ನಿನ್ನದು ಈ ಮನೇಲೇ ಇರಲಿ. ನಾನು ಯಾರಿಗೂ ಹೇಳಲ್ಲ."

ಮುನೀಫ್ ಪಾತ್ರೆಯನ್ನು ಕೆಳಗಿಟ್ಟು ಮೀಸೆ ಉಜ್ಜಿಕೊಂಡ. ಹೊರಗೆ ಕುರಿಗಳ ಗಂಟೆ ಸದ್ದು ದೂರವಾಯಿತು.

"ದಕ್ಷಿಣದೋರು ಮಾತಲ್ಲಿ ಗೆಲ್ತಾರೆ ಅಂತ ಗೊತ್ತಿತ್ತು," ಎಂದ ಕೊನೆಗೆ. "ಕಾಫೀಲೂ ಗೆಲ್ತೀರಿ ಅಂತ ಗೊತ್ತಿರಲಿಲ್ಲ. ಕುಡಿ. ಎಡಮೂಲೆ ನಿಂದು. ಒಂದಕ್ಷರ ಮುಟ್ಟಲ್ಲ. ಆದ್ರೆ ಆಮೇಲೆ ಬರೋ ಫೋನುಗಳೆಲ್ಲ ನಿನಗೇ."

ರಬಾಬ್ ಕುಡಿದಳು. ಆರಿಹೋಗಿತ್ತು.

*

ಬರಹ ಬಂತು. ಮುನೀಫ್ ಹೇಳಿದ ಹಾಗೆ ಫೋನುಗಳೂ ಬಂದವು. ಬೆಳಿಗ್ಗೆ ಒಬ್ಬ ಅವಳನ್ನು ದ್ರೋಹಿ ಎಂದ, ಮಧ್ಯಾಹ್ನ ಇನ್ನೊಬ್ಬ ಅವಳನ್ನು ಕೊಲೆಗಾರ್ತಿ ಎಂದ. ರಮ್ಝಿಯ ಪತ್ರಿಕೆ ಅದರಿಂದ ಮೂರು ಸಾಲು ಕಿತ್ತುಕೊಂಡು ತನಗೆ ಬೇಕಾದ ತಲೆಬರಹ ಹಾಕಿತು. ರಬಾಬ್ ಫೋನನ್ನು ಮೇಜಿನ ಮೇಲೆ ಬಿಟ್ಟು, ಪತ್ರಿಕೆಯನ್ನು ಮಡಿಸಿಕೊಂಡು ದಕ್ಷಿಣದ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹೆಂಗಸರು ಅದನ್ನೇ ಮಾತಾಡುತ್ತಿದ್ದರು.

"ಮೇಜಿನ ಕೆಳಗಂತೆ ಪಾಪ," ಎಂದಳು ಒಬ್ಬಳು.

"ನಾನಾದ್ರೆ ಮಂಚದ ಕೆಳಗೆ," ಎಂದಳು ಇನ್ನೊಬ್ಬಳು. "ಹೊರಗೆ ಬರೋಕೆ ಸೊಂಟ ಹಿಡ್ಕೊಂಡು ನನ್ನ ಗಂಡ ಎಳೀಬೇಕಾಯ್ತು." ಇಬ್ಬರೂ ಬಹಳ ಹೊತ್ತು ನಕ್ಕರು.

ಊರ ಬಾಗಿಲಲ್ಲಿ ಬ್ಯಾನರು ಇನ್ನೂ ಇತ್ತು. ಗಾಳಿಗೆ ಒಂದು ಹಗ್ಗ ಬಿಚ್ಚಿ ಒಂದು ಮೂಲೆ ನೇತಾಡುತ್ತಿತ್ತು.

ಮಹದಿಯಾ ಅಡುಗೆಕೋಣೆಯ ಹೊರಗೆ ಕಲ್ಲಿನ ಮೇಲೆ ಕೂತು ಕಾಡುಸೊಪ್ಪು ಸೋಸುತ್ತಿದ್ದಳು. ಪತ್ರಿಕೆ ನೋಡಿ ಕೈ ಒರೆಸಿಕೊಂಡಳು.

"ಎಲ್ಲಿದೆ? ತೋರಿಸು."

ರಬಾಬ್ ಎಡಮೂಲೆ ತೋರಿಸಿದಳು. ಮಹದಿಯಾ ಓದು ಬಾರದ ಬೆರಳಿನಿಂದ ಆ ಚೌಕದ ಅಂಚನ್ನೆಲ್ಲ ಸವರಿ ನೋಡಿದಳು. "ಹೂಂ. ಅದೇ ಜಾಗ. ಓದು."

ರಬಾಬ್ ಓದಿದಳು. ಚೀಲ ಬಂತು. ತಂಬಾಕಿನ ಮೂಟೆ ಬಂತು, ಮಹದಿಯಾ ಮೂಗಿನಲ್ಲೇ ನಕ್ಕಳು, "ಹುಚ್ಚಿ," ಎಂದಳು. ಮೇಜು ಬಂತು. ಬೆಕ್ಕು ಬಂತು. ಚಿಕ್ಕ ಸಾಲಿನ ಹತ್ತಿರ ಬಂದಾಗ ರಬಾಬಳ ದನಿ ನಿಂತಿತು.

"ಮುಗೀತಾ?"

"ಇಲ್ಲ ಅತ್ತೆ. ಇನ್ನೊಂದು ಸಾಲಿದೆ."

"ಓದು ಮತ್ತೆ."

ಓದಿದಳು. ಇದನ್ನೆಲ್ಲ ಅವಳು ಹೇಳಿದ್ದು ಈ ಅಂಕಣ ಬರೆಯುವವಳಿಗೆ, ಇವಳು ಕೇಳಿಸಿಕೊಂಡು ಅರ್ಧ ಮಾತ್ರ ಬರೆದಳು.

ಮಹದಿಯಾಳ ಕೈ ಸೊಪ್ಪಿನ ಮೇಲೆ ಹಾಗೇ ಉಳಿಯಿತು. ಎದುರಿನ ಗುಡ್ಡದ ಮೇಲೆ ಯಾರೋ ಕಲ್ಲು ಒಡೆಯುತ್ತಿದ್ದರು. ಪೆಟ್ಟು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

"ಗೊತ್ತಿತ್ತು ಅನ್ನು ನಿನಗೆ," ಎಂದಳು ಮಹದಿಯಾ.

"ಗೊತ್ತಿತ್ತು ಅತ್ತೆ."

"ನನ್ನ ಹತ್ರ ಹೆದರಿಕೆ ಅಂತ ಒಂದು ದಿನಾನೂ ಹೇಳಲಿಲ್ಲ ಅವಳು. ಅಕ್ಕ ನಗ್ತಾಳೆ ಅಂದ್ಕೊಂಡಳೋ ಏನೋ. ನಿನ್ನ ಹತ್ರ ಹೇಳಿದಳು."

ರಬಾಬ್ ಪತ್ರಿಕೆಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಿಸಿದಳು. ಅತ್ತೆ ಎದ್ದು ಹೋಗು ಎಂದರೆ ಹೋಗುವುದೆಂದು ಕಾಲು ಸರಿಮಾಡಿಕೊಂಡಳು.

ಮಹದಿಯಾ ಎದ್ದು ಒಳಗೆ ಹೋದಳು. ಒಲೆ ಹತ್ತಿಸಿದ ಸದ್ದು ಕೇಳಿಸಿತು. ಏಲಕ್ಕಿ ಕುಟ್ಟಿದ ಸದ್ದು ಕೇಳಿಸಿತು. ಹಿತ್ತಾಳೆ ಪಾತ್ರೆಯನ್ನೂ ಗೂಡಿನಲ್ಲಿ ಬೋರಲಾಗಿದ್ದ ಬಟ್ಟಲನ್ನೂ ಹಿಡಿದು ಹೊರಬಂದವಳು ಬಟ್ಟಲಿನ ಧೂಳನ್ನು ತಲೆವಸ್ತ್ರದ ತುದಿಯಿಂದ ಒರೆಸಿ, ಕಾಫಿ ಸುರಿದು ಬಲಗೈಯಲ್ಲಿ ಚಾಚಿದಳು.

"ನೋಡು ಮಗಳೇ. ನೀನು ಕೇಳಿದ್ದು ನಾನು ಕೊಟ್ಟೆ. ಮಾತಿಗೆ ಮಾತು ಆಯ್ತು. ಆದ್ರೆ ನನ್ನ ಸಿಟ್ಟು ಇದೆಯಲ್ಲ, ಅದು ಬೇರೆ. ಅದನ್ನ ನೀನು ಕೇಳಿಲ್ಲ, ನಾನೂ ಕೊಟ್ಟಿಲ್ಲ. ಅದು ನನ್ನ ಹತ್ರಾನೇ ಇರುತ್ತೆ, ಇನ್ನೂ ಸ್ವಲ್ಪ ದಿನ."

"ಇರಲಿ ಅತ್ತೆ."

"ಕುಡಿ."

ರಬಾಬ್ ಬಲಗೈಯಲ್ಲಿ ತೆಗೆದುಕೊಂಡು ಕುಡಿದಳು. ಸಕ್ಕರೆಯಿಲ್ಲದ, ಸುಡುವ ಕಾಫಿ. ಗಂಟಲಿನಲ್ಲಿ ನಿಂತಿದ್ದದ್ದನ್ನು ತಳ್ಳಿಕೊಂಡು ಕೆಳಗಿಳಿಯಿತು. ಖಾಲಿ ಬಟ್ಟಲನ್ನು ಅತ್ತೆಗೆ ಚಾಚಿದಳು. ಅಲ್ಲಾಡಿಸುವುದು ಮರೆತೇಹೋಗಿತ್ತು.

ಮಹದಿಯಾ ಬಟ್ಟಲು ನೋಡಿದಳು. ಪಾತ್ರೆ ಬಾಗಿಸಿ ಮತ್ತೊಮ್ಮೆ ಸುರಿದಳು.